ಕೆಟ್ಟ ಫೋಟೋ ನೋಡಿ, ಆಮೇಲೆ ಕ್ಯಾಮೆರಾ ಕೊಳ್ಳಿ

(ಮುಂಬಯಿಯ ಮಾಟುಂಗದಲ್ಲಿ ಸೇರಿದ್ದ ಕನ್ನಡಿಗ ಹವ್ಯಾಸಿ ಫೋಟೋಗ್ರಾಫರುಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಬರುವಾಗ ನಿಮ್ಮ ಕೆಟ್ಟು ಹೋದ ಫೋಟೋಗಳನ್ನು ತನ್ನಿ ಅಂತ ಹೇಳಿ ಕಳಿಸಿದ್ದೆ. ಬಹಳ ಜನ ತಂದಿದ್ದೀರಿ. ಕೆಲವರು ಅವನ್ನೆಲ್ಲ ಆವತ್ತೇ ಡಿಲೀಟ್ ಮಾಡಿದೆವು ಅಂದಿರಿ. ದಯವಿಟ್ಟು ಇನ್ನು ಮೇಲೆ ಹಾಗೆ ಮಾಡಬೇಡಿ. ಹೊಸ ಸಾಮಾನು ಕೊಳ್ಳುವ ಯೋಚನೆ ಇದ್ದರಂತೂ ಖಂಡಿತ ಬೇಡ. ಮುಂದೆ ಏನು ಕೊಳ್ಳಬೇಕು, ಏನೂ ಕೊಳ್ಳದೆ ಇರಬೇಕಾ ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದು ಆ ಫೋಟೋಗಳಲ್ಲೇ. ಅಂಗಡಿಯವನ ಹತ್ತಿರ ಆ ಉತ್ತರ ಇರುವುದಿಲ್ಲ. ನಿಮ್ಮ ಫೋಟೋ ಎಲ್ಲಿ ಸೋಲುತ್ತಿದೆ ಅಂತ ಅವನು ನೋಡಿಲ್ಲವಲ್ಲ.

ಪ್ರತಿ ಫೋಟೋದ ಒಳಗೂ ಎಕ್ಸಿಫ್ ಅನ್ನುವ ಮಾಹಿತಿ ಕೂತಿರುತ್ತದೆ. ಯಾವ ಲೆನ್ಸ್, ಎಷ್ಟು ಮಿಲಿಮೀಟರ್ (ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಅಪರ್ಚರ್ ಎಷ್ಟು (ಲೆನ್ಸಿನ ಕಿಂಡಿ; ಎಫ್/ ಮುಂದಿನ ಅಂಕಿ ಸಣ್ಣದಾದಷ್ಟೂ ಬೆಳಕು ಹೆಚ್ಚು), ಶಟರ್ ಎಷ್ಟು (ಬೆಳಕು ಬಿದ್ದ ಹೊತ್ತು), ಐಎಸ್‌ಒ ಎಷ್ಟು (ಆ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಿದೆ) ಎಲ್ಲ ಅಲ್ಲಿದೆ. ಕಂಪ್ಯೂಟರಿನಲ್ಲಿ ಫೋಟೋದ ಪ್ರಾಪರ್ಟೀಸ್ ತೆರೆದರೆ ಸಾಕು. ಕೆಟ್ಟ ಫೋಟೋವನ್ನು ದೊಡ್ಡದು ಮಾಡಿ ನೋಡಿ, ಪಕ್ಕದಲ್ಲಿ ಈ ಅಂಕಿಗಳನ್ನೂ ನೋಡಿ. ಎರಡನ್ನೂ ಸೇರಿಸಿ ಓದಬೇಕು.

ಬ್ಲರ್ ಆಗಿದೆ ಅಂತ ಎಲ್ಲರೂ ಒಂದೇ ಮಾತು ಹೇಳುತ್ತೇವೆ. ಆದರೆ ಬ್ಲರ್‌ನಲ್ಲಿ ಬೇರೆ ಬೇರೆ ಜಾತಿ ಇದೆ, ಒಂದೊಂದಕ್ಕೂ ಮದ್ದು ಬೇರೆ. ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದು, ದೀಪದ ಚುಕ್ಕೆಗಳು ಗೆರೆಯಾಗಿದ್ದರೆ ನಿಮ್ಮ ಕೈ ಅಲುಗಿದೆ. ಹಿಂದಿನ ಪರದೆ, ಕಂಬ ಎಲ್ಲ ಸ್ಪಷ್ಟವಾಗಿದ್ದು ಮನುಷ್ಯ ಮಾತ್ರ ಅಲುಗಿದ್ದರೆ ಶಟರಿನ ವೇಗ ಸಾಲಲಿಲ್ಲ. ಮುಖ ಮಂಕಾಗಿ, ಹಿಂದೆ ಕೂತವರ ಅಂಗಿಯ ಗುಂಡಿ ಚೂಪಾಗಿ ಬಂದಿದ್ದರೆ ಫೋಕಸ್ ತಪ್ಪಿದೆ. ಎಲ್ಲಿಯೂ ಚೂಪು ಇಲ್ಲ, ಹಾಲು ಬೆರೆಸಿದ ಹಾಗೆ ಮಸುಕು ಅಂದರೆ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇರಬಹುದು, ಒಳಗೆ ಫಂಗಸ್ ಇರಬಹುದು, ಇಲ್ಲವೇ ನಡುವಿನ ಗಾಳಿಯೇ ಕೆಟ್ಟಿರಬಹುದು.

ಕೈ ಅಲುಗುವುದಕ್ಕೆ ಹಳೆಯ ಲೆಕ್ಕ ಇದೆ: ಲೆನ್ಸ್ ಎಷ್ಟು ಮಿ.ಮೀ.ಯೋ, ಶಟರ್ ಸೆಕೆಂಡಿನ ಅಷ್ಟನೇ ಒಂದು ಪಾಲು. ಎಪಿಎಸ್-ಸಿ, ಅಂದರೆ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ 55 ಮಿ.ಮೀ.ಗೆ ಝೂಮ್ ಮಾಡಿದರೆ ಅದು ಫುಲ್ ಫ್ರೇಮಿನ, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾದ 80 ಮಿ.ಮೀ. ಆಸುಪಾಸಿಗೆ ಸಮ. ಹಾಗಾಗಿ ಶಟರ್ 1/80 ಸೆಕೆಂಡಿಗಿಂತ ನಿಧಾನ ಆಗದಿರಲಿ. ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದ್ದರೆ ಇನ್ನೂ ನಿಧಾನ ಹೋಗಬಹುದು. ನಿಕಾನ್ ಅದನ್ನು ವಿಆರ್ ಅನ್ನುತ್ತದೆ, ಕ್ಯಾನನ್ ಐಎಸ್, ಸೋನಿ ಓಎಸ್ಎಸ್. ಟ್ರೈಪಾಡ್ ಇದ್ದರೆ ಮರೀನ್ ಡ್ರೈವ್‌ನ ಸಂಜೆಯ ದೀಪಗಳನ್ನು ಐಎಸ್‌ಒ 100ರಲ್ಲೇ ತೆಗೆಯಬಹುದು. ಆದರೆ ಎಲಿಫೆಂಟಾದಂಥ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡಿಗೆ ಬೇರೆ ಅನುಮತಿ ಬೇಕು. ಕೇಳಿಕೊಂಡು ಹೋಗಿ.

ಎರಡನೇ ಜಾತಿಯ ಬ್ಲರ್ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಈ ಊರಿನ ಕನ್ನಡಿಗರ ಫೋಟೋಗಳು ಅತಿ ಹೆಚ್ಚು ಸೋಲುವುದು ಇಲ್ಲೇ. ಕಾರಣ ಯಕ್ಷಗಾನ.

ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರಕ್ಕೆ, ಊರಲ್ಲಿ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರ ತಂಡಗಳು ಮುಂಬಯಿಗೆ ಬರುತ್ತವೆ. ಆಟ ನಡೆಯುವುದು ಸಭಾಂಗಣದ ಒಳಗೆ. ನಮ್ಮ ಕಣ್ಣಿಗೆ ಆ ಬೆಳಕು ಝಗಮಗ ಕಾಣುತ್ತದೆ, ಕ್ಯಾಮೆರಾಕ್ಕೆ ಅದು ಕತ್ತಲೆಯೇ. ಇವತ್ತು ಒಬ್ಬ ಅಕ್ಕ ತಂದಿದ್ದ ಫೋಟೋ ನೋಡಿ. ಪುಂಡುವೇಷ (ತರುಣ ವೀರನ ಪಾತ್ರ) ದಿಗಿಣ ಹೊಡೆಯುತ್ತಿದೆ, ಅಂದರೆ ಹಾರಿ ಗಿರಗಿರ ತಿರುಗುತ್ತಿದೆ. ಹಿಂದೆ ಭಾಗವತರ ಮುಂಡಾಸು ಸ್ಪಷ್ಟವಾಗಿದೆ. ವೇಷದ ಜಾಗದಲ್ಲಿ ಒಂದು ಕೆಂಪು ಹೊಗೆ. ಅಂಕಿ ಹೀಗಿದೆ: ಕಿಟ್ ಲೆನ್ಸ್ (ಕ್ಯಾಮೆರಾದ ಜೊತೆಗೇ ಬರುವ ಲೆನ್ಸ್), 55 ಮಿ.ಮೀ., ಎಫ್/5.6, 1/60 ಸೆಕೆಂಡ್, ಐಎಸ್‌ಒ 1600. ಇದಕ್ಕೆ ಲೆನ್ಸಿನ ವಿಆರ್ ಏನೂ ಮಾಡಲಾರದು. ಅದು ಹಿಡಿದವರ ಕೈಯನ್ನು ನಿಲ್ಲಿಸುತ್ತದೆ, ಕುಣಿಯುವವರ ಕಾಲನ್ನಲ್ಲ. ಟ್ರೈಪಾಡೂ ಅಷ್ಟೇ.

ದಿಗಿಣ ನಿಲ್ಲಬೇಕಾದರೆ 1/500 ಆದರೂ ಬೇಕು. 1/60ರಿಂದ 1/500ಕ್ಕೆ ಹೋದರೆ ಬೆಳಕು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಅದೇ ಲೆನ್ಸ್ ಇಟ್ಟುಕೊಂಡರೆ ಐಎಸ್‌ಒ 12800ಕ್ಕೆ ಏರಿಸಬೇಕು. ಆಗ ಮುಖವರ್ಣಿಕೆಯ ಸಣ್ಣ ಚುಟ್ಟಿ, ಅಂದರೆ ಬಿಳಿ ಚುಕ್ಕೆಗಳೆಲ್ಲ ಮರಳು ಮರಳು. ಇಲ್ಲಿಗೆ ಬಂದಾಗ ಬಹಳ ಜನ, ಫುಲ್ ಫ್ರೇಮ್ ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ) ಕೊಂಡರೆ ಸರಿ ಹೋಗುತ್ತದೆ ಅನ್ನುತ್ತಾರೆ. ಲೆಕ್ಕ ಹಾಕೋಣ. ಫುಲ್ ಫ್ರೇಮ್ ಸೆನ್ಸರ್ 36 x 24 ಮಿ.ಮೀ. ಸಾಮಾನ್ಯ ಎಪಿಎಸ್-ಸಿ ಸೆನ್ಸರ್ ಸುಮಾರು 23.5 x 15.6. ವಿಸ್ತೀರ್ಣ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. ಅಂದರೆ ಸಿಗುವ ಲಾಭ ಒಂದು ಸ್ಟಾಪಿಗಿಂತ (ಬೆಳಕು ಎರಡು ಪಟ್ಟಾದರೆ ಒಂದು ಸ್ಟಾಪ್) ಸ್ವಲ್ಪ ಜಾಸ್ತಿ, ಅಷ್ಟೇ. ಅದಕ್ಕೆ ಲಕ್ಷದ ಆಸುಪಾಸು ಬೀಳುತ್ತದೆ. ಮೇಲೆ ಅದಕ್ಕೆ ಹೊಂದುವ ಲೆನ್ಸೂ ಬೇಕು, ಹತ್ತಿರದ ನೋಟ ಬೇಕಾದರೆ ಇನ್ನೂ ಉದ್ದದ್ದು ಬೇಕು.

ಈಗ ಅದೇ ಹಳೇ ಕ್ಯಾಮೆರಾಕ್ಕೆ 50 ಮಿ.ಮೀ. ಎಫ್/1.8 ಲೆನ್ಸ್ ಹಾಕಿ. ಎಫ್/5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಐಎಸ್‌ಒ 12800 ಇದ್ದದ್ದು 1250ರ ಹತ್ತಿರಕ್ಕೆ ಇಳಿಯಿತು. ಕ್ಯಾನನ್, ನಿಕಾನ್, ಸೋನಿ ಮೂರರಲ್ಲೂ ಇದು ಅಗ್ಗದ ಲೆನ್ಸುಗಳ ಸಾಲಿನಲ್ಲೇ ಬರುತ್ತದೆ.

ಅಪರ್ಚರ್ ಅಷ್ಟು ತೆರೆದರೆ ಫೋಕಸ್ ತೆಳುವಾಗುವುದಿಲ್ಲವಾ ಅಂತ ಕೇಳಬಹುದು. ಮನೆಯಲ್ಲಿ ಒಂದೂವರೆ ಮೀಟರ್ ದೂರದಿಂದ ಮಗುವಿನ ಮುಖ ತೆಗೆದರೆ ಹೌದು, ಆರೇಳು ಸೆಂಟಿಮೀಟರ್ ಮಾತ್ರ ಚೂಪಾಗಿರುತ್ತದೆ. ಕಣ್ಣು ಬಂದರೆ ಕಿವಿ ಹೋಯಿತು. ಆದರೆ ರಂಗಸ್ಥಳದಿಂದ ಎಂಟು ಮೀಟರ್ ದೂರ ಕೂತಿದ್ದೀರಿ ಅನ್ನಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಅಲ್ಲಿ ಸುಮಾರು ಎರಡು ಮೀಟರ್ ಆಳ ಸಿಗುತ್ತದೆ. ಚೌಕಟ್ಟಿನ ಅಗಲ ಮೂರೂಮುಕ್ಕಾಲು ಮೀಟರ್. ಇಬ್ಬರು ವೇಷಧಾರಿಗಳು ಕಿರೀಟ ಸಮೇತ ನೆಮ್ಮದಿಯಾಗಿ ಕೂಡುತ್ತಾರೆ. ಝೂಮ್ ಇಲ್ಲವಲ್ಲ ಅಂತ ಬೇಜಾರು ಬೇಡ. ಒಳ್ಳೇ ಸೀಟಿಗಾಗಿ ಅರ್ಧ ಗಂಟೆ ಮೊದಲು ಬನ್ನಿ.

ಇನ್ನೊಂದು ಮಾತು, ಇದನ್ನು ಬಹಳ ಅಂಗಡಿಗಳಲ್ಲಿ ಹೇಳುವುದಿಲ್ಲ. ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಗಳಲ್ಲಿ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇರುತ್ತದೆ. ಚೆಂಡೆಯ ಸದ್ದಿನ ನಡುವೆ ಅದು ಬೇಕಾಗಿಯೇ ಇಲ್ಲ, ಆದರೂ ಅಭ್ಯಾಸಕ್ಕೆ ಹಾಕಿಟ್ಟಿರುತ್ತೇವೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದುತ್ತದೆ. ಆ ಹೊತ್ತಿನಲ್ಲಿ ದೀಪ ಮಿನುಗಿದರೆ ಫೋಟೋದಲ್ಲಿ ಅಡ್ಡ ಪಟ್ಟಿ ಬೀಳುತ್ತದೆ. ಹಾಗಾಗಿ ಸಭಾಂಗಣದಲ್ಲಿ ಮೆಕ್ಯಾನಿಕಲ್ ಶಟರ್ ಹಾಕಿ, ಆಂಟಿ ಫ್ಲಿಕರ್ ಇದ್ದರೆ ಅದನ್ನೂ ಆನ್ ಮಾಡಿ. ಈಗ ಮುಖ್ಯವಾಗಿ ವಿಡಿಯೋಗೆಂದು ಬಂದಿರುವ ಕೆಲವು ಬಾಡಿಗಳಲ್ಲಿ ಮೆಕ್ಯಾನಿಕಲ್ ಶಟರೇ ಇಲ್ಲ. ರಂಗದ ಫೋಟೋ ನಿಮ್ಮ ಆಸಕ್ತಿ ಆದರೆ ಕೊಳ್ಳುವ ಮೊದಲು ಈ ಒಂದು ಪ್ರಶ್ನೆ ಕೇಳಲೇಬೇಕು.

ಮೂರನೇ ಜಾತಿ, ಫೋಕಸ್ ತಪ್ಪುವುದು. ಇಲ್ಲಿ ಮಾತ್ರ ಹೊಸ ಬಾಡಿಯ ಪರವಾಗಿ ಮನಸ್ಸು ಬಿಚ್ಚಿ ಮಾತಾಡುತ್ತೇನೆ. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ, ಅಂದರೆ ಒಳಗೆ ಕನ್ನಡಿ ಇರುವ ಕ್ಯಾಮೆರಾಗಳಲ್ಲಿ, ಫೋಕಸ್ ಬಿಂದುಗಳು ನಡುವೆ ಗುಂಪಾಗಿ ಇರುತ್ತವೆ. ಈಚಿನ ಮಿರರ್‌ಲೆಸ್ ಬಾಡಿಗಳು ಚೌಕಟ್ಟಿನ ಬಹುಭಾಗದಲ್ಲಿ ಎಲ್ಲಿ ಕಣ್ಣು ಕಂಡರೂ ಹಿಡಿಯುತ್ತವೆ, ಹಕ್ಕಿಯ ಕಣ್ಣನ್ನೂ ಹಿಡಿಯುವಂಥವು ಇವೆ. ಓಡಾಡುವ ಮಕ್ಕಳು, ಹಾರುವ ಹಕ್ಕಿ ನಿಮ್ಮ ವಿಷಯವಾದರೆ ಇದು ನಿಜವಾದ ವ್ಯತ್ಯಾಸ. ಆದರೂ ಮೊದಲು ನಿಮ್ಮ ಈಗಿನ ಕ್ಯಾಮೆರಾದಲ್ಲಿ ಬಿಂದುವನ್ನು ನೀವೇ ಆರಿಸಿ, ಚಲಿಸುವ ವಸ್ತುವಿಗೆ ಕಂಟಿನ್ಯುಯಸ್ ಫೋಕಸ್ ಹಾಕಿ ಒಂದು ತಿಂಗಳು ನೋಡಿ. ಆಮೇಲೂ ಅರ್ಧಕ್ಕರ್ಧ ತಪ್ಪಿದರೆ ಧಾರಾಳವಾಗಿ ಬಾಡಿ ಬದಲಿಸಿ.

ಈಗ ಫ್ಲೆಮಿಂಗೊ. ಇಲ್ಲಿ ಕೂತವರಲ್ಲಿ ಬಹಳ ಜನರಿಗೆ ಉದ್ದ ಲೆನ್ಸಿನ ಆಸೆ ಹುಟ್ಟಿಸಿದ್ದು ಆ ಹಕ್ಕಿಗಳೇ ಅಲ್ವಾ? ಠಾಣೆ ಖಾರಿ (ಒಳನಾಡಿಗೆ ಚಾಚಿದ ಸಮುದ್ರದ ತೋಳು) 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಆಯಿತು, 2022ರಲ್ಲಿ ರಾಮ್‌ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಆಯಿತು. ಇಷ್ಟು ದೊಡ್ಡ ಶಹರದ ಮಗ್ಗುಲಲ್ಲಿ ಸಾವಿರಾರು ಹಕ್ಕಿ ಬಂದು ಚಳಿಗಾಲ ಕಳೆಯುವುದು ನಮ್ಮ ಭಾಗ್ಯ. ಆದರೆ ಅವನ್ನು ತೆಗೆಯಲು ಹೋದವರ ಫೋಟೋದಲ್ಲಿ ಹಕ್ಕಿ ಗುಲಾಬಿ ಚುಕ್ಕೆ ಆಗಿರುತ್ತದೆ.

ಇದಕ್ಕೂ ಲೆಕ್ಕ ಇದೆ. ಸಣ್ಣ ಜಾತಿಯ ಫ್ಲೆಮಿಂಗೊ ಸುಮಾರು 85 ಸೆಂ.ಮೀ. ಎತ್ತರ. ಎಪಿಎಸ್-ಸಿ ಕ್ಯಾಮೆರಾ, 300 ಮಿ.ಮೀ. ಲೆನ್ಸ್, 50 ಮೀಟರ್ ದೂರ ಅಂದುಕೊಳ್ಳಿ. ಹಕ್ಕಿ ಚೌಕಟ್ಟಿನ ಎತ್ತರದ ಮೂರನೇ ಒಂದು ಪಾಲು ಬರುತ್ತದೆ. ಚೆಂದದ ಫೋಟೋ ಆಗುತ್ತದೆ. ಅದೇ ಹಕ್ಕಿ 150 ಮೀಟರ್ ದೂರ ಇದ್ದರೆ ಒಂಬತ್ತನೇ ಒಂದು ಪಾಲು. ಆಗ 600 ಮಿ.ಮೀ. ಹಾಕಿದರೂ ನಡುವೆ ಹೆಚ್ಚಾದ 100 ಮೀಟರಿನ ದೂರವೇನೂ ಮಾಯ ಆಗುವುದಿಲ್ಲ. ಆ ನೂರು ಮೀಟರಿನಲ್ಲಿ ಗಾಳಿ ಇದೆ. ಬಿಸಿಲೇರಿದ ಮೇಲೆ ಕೆಸರಿನ ಬಯಲಿನಿಂದ ಬಿಸಿ ಗಾಳಿ ಅಲೆಅಲೆಯಾಗಿ ಏಳುತ್ತದೆ. ಅದರ ಜೊತೆ ನಮ್ಮ ಚಳಿಗಾಲದ ಮಂಜು, ಹೊಗೆ. ಎಷ್ಟು ಬೆಲೆಯ ಲೆನ್ಸ್ ಇದ್ದರೂ ಆ ಗಾಳಿಯ ಮೂಲಕವೇ ನೋಡಬೇಕು. ಲೆನ್ಸ್ ಉದ್ದ ಆದಷ್ಟೂ ಆ ನಡುಕವೂ ದೊಡ್ಡದಾಗಿ ಕಾಣುತ್ತದೆ. ನಾಲ್ಕನೇ ಜಾತಿಯ ಮಸುಕು ಅಂದೆನಲ್ಲ, ಅದರಲ್ಲಿ ಬಹಳಷ್ಟು ಇದೇ.

ಹಾಗಾಗಿ ಸಮುದ್ರದ ಭರತ-ಇಳಿತದ ಸಮಯ ನೋಡಿಕೊಳ್ಳಿ. ನೀರು ಏರುತ್ತಾ ಬಂದ ಹಾಗೆ ಕೆಸರು ಮುಚ್ಚುತ್ತದೆ, ಹಕ್ಕಿಗಳು ದಡದ ಕಡೆ ಸರಿಯುತ್ತವೆ. ಐರೋಲಿಯ ಅರಣ್ಯ ಇಲಾಖೆಯ ಕೇಂದ್ರದಿಂದ ದೋಣಿ ಇದೆ. ಬೆಳಗಿನ ದೋಣಿ ಹಿಡಿದು, 70-300 ಲೆನ್ಸಿನಲ್ಲಿ ತೆಗೆದ ಫೋಟೋ, ಮಧ್ಯಾಹ್ನ ದಡದಿಂದ 600ರಲ್ಲಿ ತೆಗೆದದ್ದಕ್ಕಿಂತ ಚೆನ್ನಾಗಿರುವುದನ್ನು ನೀವೇ ಕಾಣುತ್ತೀರಿ. 55ರಿಂದ 300ಕ್ಕೆ ಹೋಗುವುದು ದೊಡ್ಡ ಜಿಗಿತ, ಹಕ್ಕಿ ಐದೂವರೆ ಪಟ್ಟು ದೊಡ್ಡದಾಗುತ್ತದೆ. 400ರಿಂದ 600ಕ್ಕೆ ಹೋದರೆ ಒಂದೂವರೆ ಪಟ್ಟು ಮಾತ್ರ. ಖರ್ಚು, ತೂಕ ಎರಡೂ ಅದಕ್ಕಿಂತ ಬೇಗ ಏರುತ್ತವೆ. ಉದ್ದ ಲೆನ್ಸ್ ಬೇಕೇ ಬೇಕು ಅನಿಸಿದರೆ ಒಂದು ಶನಿವಾರ, ಭಾನುವಾರಕ್ಕೆ ಬಾಡಿಗೆಗೆ ತನ್ನಿ. ಮುಂಬಯಿ, ಪುಣೆ ಎರಡು ಕಡೆಯೂ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಹಕ್ಕಿ ನೋಡಲು ಪುಣೆಯಾಚೆಯ ಭಿಗವಣಕ್ಕೆ ಹೋಗುವವರು ಪುಣೆಯಲ್ಲೇ ತೆಗೆದುಕೊಳ್ಳಬಹುದು. ಎರಡು ದಿನ ಹೊತ್ತು ನೋಡಿದರೆ ನಿಮ್ಮ ಭುಜ ತಾನಾಗಿ ಅಭಿಪ್ರಾಯ ಹೇಳುತ್ತದೆ.

ಮೆಗಾಪಿಕ್ಸೆಲ್ ಬಗ್ಗೆ ಒಂದೇ ಮಾತು. 24 ಮೆಗಾಪಿಕ್ಸೆಲ್ ಅಂದರೆ 6000 x 4000 ಚುಕ್ಕೆ. ಇಂಚಿಗೆ 300 ಚುಕ್ಕೆಯ ಹಾಗೆ ಪ್ರಿಂಟ್ ಹಾಕಿದರೆ 20 x 13 ಇಂಚು. ಮನೆಯ ಗೋಡೆಗೆ ಅದು ಸಾಕು. 24ರಿಂದ 33ಕ್ಕೆ ಹೋದರೆ ಉದ್ದ, ಅಗಲದಲ್ಲಿ ಹೆಚ್ಚುವುದು ಶೇಕಡಾ 17 ಮಾತ್ರ.

ಮೌಂಟ್, ಅಂದರೆ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ, ಅದರ ವಿಚಾರಕ್ಕೆ ಬರೋಣ. ಬಾಡಿ ಅಂದರೆ ಮುಂಬಯಿಯ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಫ್ಲಾಟ್ ಇದ್ದ ಹಾಗೆ, ಬದಲಾಗುತ್ತಾ ಇರುತ್ತದೆ. ಲೆನ್ಸುಗಳು ಪ್ರತಿ ಮನೆಗೂ ನಮ್ಮ ಜೊತೆ ಬರುವ ಪಾತ್ರೆಗಳು. ಹಾಗಾಗಿ ಪಾತ್ರೆ ಹೊಂದುವ ಮನೆ ನೋಡಬೇಕು. ನಿಕಾನ್ ಎಫ್ ಮೌಂಟ್ 1959ರದ್ದು, ಕ್ಯಾನನ್ ಇಎಫ್ 1987ರದ್ದು. ಎರಡೂ ಕಂಪನಿ 2018ರಲ್ಲಿ ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದವು, ಝಡ್ ಮತ್ತು ಆರ್‌ಎಫ್. ಸೋನಿಯ ಇ ಮೌಂಟ್ 2010ರಿಂದ ಇದೆ, ಬೇರೆ ಕಂಪನಿಗಳ ಲೆನ್ಸ್ ಅದಕ್ಕೆ ಧಾರಾಳ. ಹೊಸ ಲೆನ್ಸುಗಳು ಈಗ ಹೆಚ್ಚಾಗಿ ಮಿರರ್‌ಲೆಸ್ ಮೌಂಟಿಗೇ ಬರುತ್ತಿವೆ. ಮೊದಲ ಸಲ ಹೊಸದಾಗಿ ಕೊಳ್ಳುವವರು ಅಲ್ಲೇ ಶುರು ಮಾಡುವುದು ಒಳ್ಳೆಯದು. ದುಡ್ಡು ಕಡಿಮೆ ಇದ್ದರೆ ಮಾತ್ರ ನನ್ನ ಸಲಹೆ ಬೇರೆ: ಹಳೆಯ ಡಿಎಸ್‌ಎಲ್‌ಆರ್ ಸೆಕೆಂಡ್ ಹ್ಯಾಂಡ್ ಕೊಳ್ಳಿ. ಎಲ್ಲರೂ ಮಿರರ್‌ಲೆಸ್‌ಗೆ ಓಡಿದ್ದರಿಂದ ಅವು ಅಗ್ಗವಾಗಿವೆ, ಫೋಟೋ ಮೊದಲಿನಷ್ಟೇ ಚೆನ್ನಾಗಿ ಬರುತ್ತದೆ.

ಸೆಕೆಂಡ್ ಹ್ಯಾಂಡ್ ಅಂದರೆ ಫೋರ್ಟ್. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನ ಬೋರಾ ಬಜಾರ್ ಗಲ್ಲಿಗಳು ನಿಮಗೆ ಗೊತ್ತಿರುವುದೇ. ಹೋಗುವಾಗ ಒಂದು ಸಣ್ಣ ಟಾರ್ಚ್, ನಿಮ್ಮದೇ ಮೆಮೊರಿ ಕಾರ್ಡ್ ಜೇಬಿನಲ್ಲಿರಲಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಎಷ್ಟು ಅಗ್ಗ ಆದರೂ ಬೇಡ. ಧೂಳಿನ ನಾಲ್ಕು ಕಣ ಇದ್ದರೆ ಪರವಾಗಿಲ್ಲ. ಕ್ಯಾಮೆರಾದಲ್ಲಿ ಎಫ್/16 ಇಟ್ಟು ಬಿಳಿ ಗೋಡೆಯ ಅಥವಾ ಆಕಾಶದ ಒಂದು ಫೋಟೋ ತೆಗೆಯಿರಿ, ಸೆನ್ಸರಿನ ಕೊಳೆ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಆ ಕಾರ್ಡನ್ನು ಮನೆಗೆ ತಂದು ದೊಡ್ಡ ಸ್ಕ್ರೀನಿನಲ್ಲಿ ನೋಡಿ, ಮಾರನೇ ದಿನ ದುಡ್ಡು ಕೊಡಿ. ನಿಕಾನ್ ಫೋಟೋಗಳಲ್ಲಿ ಸಾಮಾನ್ಯವಾಗಿ ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವುದು ಎಕ್ಸಿಫ್‌ನಲ್ಲೇ ಇರುತ್ತದೆ. ಆರಂಭದ ದರ್ಜೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಶಟರನ್ನು ಒಂದು ಲಕ್ಷ ಸಲ ಪರೀಕ್ಷೆ ಮಾಡಿರುವುದು ಸಾಮಾನ್ಯ, ಅದಕ್ಕೆ ಹೋಲಿಸಿ ಚೌಕಾಸಿ ಮಾಡಿ.

ಅಲ್ಲಿ ಒಂದು ಬಲೆ ಇದೆ. ನಿಕಾನ್ 50 ಮಿ.ಮೀ. ಎಫ್/1.8 ಡಿ ಅನ್ನುವ ಹಳೆಯ ಲೆನ್ಸ್ ಬಹಳ ಅಗ್ಗಕ್ಕೆ ಸಿಗುತ್ತದೆ. ಅದರೊಳಗೆ ಫೋಕಸ್ ಮಾಡುವ ಮೋಟಾರಿಲ್ಲ. ಡಿ3000, ಡಿ5000 ಸಾಲಿನ ಬಾಡಿಗಳಲ್ಲೂ ಮೋಟಾರಿಲ್ಲ. ಎರಡನ್ನೂ ಸೇರಿಸಿದರೆ ಆಟೋಫೋಕಸ್ ಆಗುವುದೇ ಇಲ್ಲ. ಹಳೆಯ ಲೆನ್ಸನ್ನು ಝಡ್ ಕ್ಯಾಮೆರಾಕ್ಕೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಅದೇ ಕತೆ. ಎಎಫ್-ಎಸ್ (ಒಳಗೇ ಮೋಟಾರ್ ಇರುವುದು) ಅಂತ ಬರೆದದ್ದನ್ನೇ ಕೇಳಿ. ಇನ್ನು ಹೊಸ ಸಾಮಾನಿಗೆ ಬಿಲ್ ಇದ್ದರೆ ಒಂದು ರೇಟು, ಇಲ್ಲದಿದ್ದರೆ ಇನ್ನೊಂದು ರೇಟು ಅಂದರೆ ಬಿಲ್ ಇರುವುದನ್ನೇ ತೆಗೆದುಕೊಳ್ಳಿ. ಶೇಕಡಾ 18 ಜಿಎಸ್‌ಟಿ ಉಳಿಯಿತು ಅನಿಸಬಹುದು. ಬಿಲ್ ಇಲ್ಲದೆ ವಾರಂಟಿ ಇಲ್ಲ, ನಾಳೆ ಮಾರುವಾಗ ಬೆಲೆಯೂ ಇಲ್ಲ.

ಈಗ ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕಾದ್ದು. ಎರಡನೇ ಲೆನ್ಸ್ ಕೊಳ್ಳುವ ಮೊದಲು ಒಂದು ಡ್ರೈ ಬಾಕ್ಸ್ ಕೊಳ್ಳಿ. ಮುಂಬಯಿ, ಕೊಂಕಣ, ಗೋವಾ ಎಲ್ಲೇ ಇರಿ, ಮಳೆಗಾಲದಲ್ಲಿ ಗಾಳಿಯ ತೇವ ಶೇಕಡಾ 80 ದಾಟುತ್ತದೆ. ಇಂಥ ತೇವದಲ್ಲಿ, ಕತ್ತಲೆಯಲ್ಲಿ, ಗಾಳಿಯಾಡದೆ ವಾರಗಟ್ಟಲೆ ಕೂತ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ಅದು ಗಾಜಿನ ಮೇಲಿನ ಕೋಟಿಂಗನ್ನೇ ತಿನ್ನುತ್ತದೆ, ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ. ಬೀರುವಿನಲ್ಲಿ ಸೀರೆಗಳ ನಡುವೆ, ಲೆದರ್ ಕೇಸಿನೊಳಗೆ ಜೋಪಾನವಾಗಿಟ್ಟ ಕ್ಯಾಮೆರಾಗಳೇ ಜಾಸ್ತಿ ಹಾಳಾಗುವುದು. ಕರೆಂಟಿನ ಡ್ರೈ ಕ್ಯಾಬಿನೆಟ್ ಇದ್ದರೆ ತೇವವನ್ನು 40ರಿಂದ 50ರ ನಡುವೆ ಇಡಿ. ಅದು ದುಬಾರಿ ಅನಿಸಿದರೆ ಗಾಳಿ ನುಗ್ಗದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್ ಸಾಕು. ನೀಲಿ ಜೆಲ್ ಗುಲಾಬಿಯಾದರೆ ಅದರ ಶಕ್ತಿ ಮುಗಿಯಿತು. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ಅಡಿಗೆಯ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೂ ಸಿಗಬಾರದು. ಅಕ್ಕಿ ಡಬ್ಬಿಯಲ್ಲಿ ಮಾತ್ರ ಇಡಬೇಡಿ, ಅದರ ಹಿಟ್ಟು ಲೆನ್ಸಿನ ಸಂದಿಗೆ ಹೋಗುತ್ತದೆ.

ಎಸಿ ಆಫೀಸಿನಿಂದ ಹೊರಗೆ ಬಂದ ಕೂಡಲೇ ಕ್ಯಾಮೆರಾ ತೆಗೆದರೆ ಲೆನ್ಸ್ ಮೇಲೆ ಹನಿ ಕಟ್ಟುತ್ತದೆ. ಬ್ಯಾಗಿನೊಳಗೇ ಅರ್ಧ ಗಂಟೆ ಬಿಡಿ. ವರ್ಲಿಯ ಅಲೆ, ಗೋವಾದ ಬೀಚು ಮುಗಿಸಿ ಬಂದ ಮೇಲೆ ಸ್ವಲ್ಪ ಒದ್ದೆ ಮಾಡಿದ ಬಟ್ಟೆಯಿಂದ ಬಾಡಿಯ ಹೊರಗಿನ ಉಪ್ಪು ಒರೆಸಿ, ಆಮೇಲೆ ಒಣ ಬಟ್ಟೆ. ವೆದರ್ ಸೀಲ್ ಇದೆ ಅಂದ ಮಾತ್ರಕ್ಕೆ ನೀರಲ್ಲಿ ನೆನೆಯಬಹುದು ಅಂತಲ್ಲ.

ಕೊನೆಗೆ ಕೆಲವು ಪ್ರಶ್ನೆ ಬಂದವು. ಫೋನ್ ಸಾಲದಾ ಅಂತ ಒಬ್ಬ ಹುಡುಗ ಕೇಳಿದ. ಹಗಲು ಹೊತ್ತು, ಬೀದಿ, ಊಟ, ಮನೆಯವರು ಇಷ್ಟೇ ಆದರೆ ಸಾಕು ತಮ್ಮಾ, ದುಡ್ಡು ಉಳಿಸು. ಫೋನಿನಲ್ಲಿ ಸೋಲುವುದು ದೂರದ ಹಕ್ಕಿ ಮತ್ತು ಕತ್ತಲೆಯಲ್ಲಿ ಓಡುವ ಜನ. ಅವು ನಿನ್ನ ವಿಷಯ ಆದಾಗ ಬಾ.

ಯಕ್ಷಗಾನದ ಫೋಟೋ ತಂದಿದ್ದ ಅಕ್ಕ, 50 ಮಿ.ಮೀ. ಕೊಂಡ ಮೇಲೆ ಹಳೇ ಕಿಟ್ ಲೆನ್ಸ್ ಮಾರಿಬಿಡಲಾ ಅಂತ ಕೇಳಿದರು. ಬೇಡ ಅಕ್ಕ. ಅದಕ್ಕೆ ಬರುವ ದುಡ್ಡು ಬಹಳ ಕಡಿಮೆ. ಆಟ ಶುರುವಾಗುವ ಮೊದಲು ಕಲಾವಿದರನ್ನು ಕೇಳಿಕೊಂಡು ಚೌಕಿಗೆ, ಅಂದರೆ ಅವರ ಬಣ್ಣದ ಕೋಣೆಗೆ, ಹೋಗಿ. ಅಲ್ಲಿ ಜಾಗ ಇಕ್ಕಟ್ಟು, ಸಾಲಾಗಿ ಕೂತು ಬಣ್ಣ ಹಚ್ಚುತ್ತಿರುತ್ತಾರೆ, ಯಾರೂ ಓಡುತ್ತಿರುವುದಿಲ್ಲ. 50ರಲ್ಲಿ ಒಬ್ಬರ ಮುಖ ಮಾತ್ರ ಬರುತ್ತದೆ. ಕಿಟ್ ಲೆನ್ಸನ್ನು 18ಕ್ಕೆ ಇಡಿ, ಎಫ್/3.5, ವಿಆರ್ ಆನ್, 1/30 ಸೆಕೆಂಡ್. ಕನ್ನಡಿ, ಬಣ್ಣದ ಡಬ್ಬಿ, ನೇತು ಹಾಕಿದ ಕಿರೀಟ, ಇಡೀ ಸಾಲು ಒಂದೇ ಚೌಕಟ್ಟಿನಲ್ಲಿ ಬರುತ್ತದೆ.